ಹಿಂಡಿನ ಸಿಂಹ, ಒಂಟಿ ಹುಲಿ

ನಿನ್ನೆ ರಾತ್ರಿ ಗೆಳೆಯರೆಲ್ಲ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಆಡಿದೆವು. ಕಥೆ ನಡೆಸುವ ಸರದಿ ನನ್ನದು. ಹುಲ್ಲುಗಾವಲಿನಲ್ಲಿ ಎರಡು ಸಿಂಹಗಳನ್ನು ಬಿಟ್ಟೆ.

2014ರ ನಿಯಮಗಳಲ್ಲಿ ಸಿಂಹದ ಪ್ರಾಣಾಂಕ (ಎಷ್ಟು ಪೆಟ್ಟು ತಾಳಬಲ್ಲದೆಂಬ ಲೆಕ್ಕ) 26, ಹುಲಿಯದು 37. ಅಪಾಯದ ಮಟ್ಟ ಮಾತ್ರ ಎರಡಕ್ಕೂ ಒಂದೇ. ಇದು ಸಿಂಹಕ್ಕೆ ಮಾಡಿದ ಅನ್ಯಾಯವೆಂದೇ ನಂಬಿದ್ದೆ. ಆಡಿಸಿದ ಮೇಲೆ ಅರ್ಥವಾಯಿತು: ಸಿಂಹಕ್ಕೆ ಹಿಂಡಿನ ಬಲವಿದೆ. ಬೇಟೆಯ ಮಗ್ಗುಲಲ್ಲಿ ಇನ್ನೊಂದು ಸಿಂಹವಿದ್ದರೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಅಂಕವನ್ನು ಇಟ್ಟುಕೊಳ್ಳಬಹುದು. ಹುಲಿಗೆ ಆ ಅನುಕೂಲವಿಲ್ಲ. ಅದು ಒಂಟಿ, ಆದರೆ ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುತ್ತದೆ, ಸದ್ದಿಲ್ಲದೆ ಬರುತ್ತದೆ. ಕಾಡಿನ ಸ್ವಭಾವವನ್ನು ನಾಲ್ಕು ಸಾಲಿನಲ್ಲಿ ಹಿಡಿದಿಟ್ಟವರ ಮೇಲೆ ಗೌರವ ಮೂಡಿತು.

ಇಪ್ಪತ್ತು ಅಡಿ ನೇರವಾಗಿ ನುಗ್ಗಿಬಂದ ಸಿಂಹದ ಪಂಜ ತಗುಲಿ ಗೆಳತಿಯ ಯೋಧೆ ನೆಲಕ್ಕುರುಳಿದಳು. ಬಿದ್ದವರನ್ನು ಅದೇ ಸರದಿಯಲ್ಲಿ ಕಚ್ಚುವ ಹಕ್ಕು ಸಿಂಹಕ್ಕಿದೆ. ನಾನು ದಾಳ ಎತ್ತಿಕೊಂಡಾಗ ಗೆಳತಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

ಅದೇ ಆಟದಲ್ಲಿ ‘ರಾಕ್ಷಸ’ನೂ ಇದ್ದಾನೆ. ಹುಲಿಯ ತಲೆ, ಹಿಂದುಮುಂದಾಗಿ ತಿರುಗಿದ ಅಂಗೈಗಳು. ಹೆಸರು ನಮ್ಮದೇ ಪುರಾಣಗಳದು, ರೂಪ ಬೇರೆ. ಯಕ್ಷಗಾನದ ಬಣ್ಣದ ವೇಷ ನೋಡುತ್ತಾ ಬೆಳೆದ ನನಗೆ ಅವನು ಮೊದಲು ಒಗ್ಗಲಿಲ್ಲ. ಈಗ ಪ್ರೀತಿ ಹುಟ್ಟಿದೆ. ಮುಂದಿನ ವಾರ ಅವನನ್ನು ಕರೆತರುತ್ತೇನೆ, ಮೊದಲು ತೆರೆಯ ಹಿಂದಿನಿಂದ ಬರೀ ಅಟ್ಟಹಾಸ ಕೇಳಿಸಿ.