ವೃದ್ಧಾಶ್ರಮದ ರಿಜಿಸ್ಟರ್‌ಗಳು, ಇಲಾಖೆಗೆ ಹೋಗುವ ಲೆಕ್ಕ

ಮಾರ್ಚ್ ಕೊನೆಯ ವಾರ ಕೂತು ಬರೆದ ವರ್ಷದ ರಿಜಿಸ್ಟರ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಪೆನ್ನು, ಒಂದೇ ಕೈಬರಹ, ಒಂದೂ ಚಿತ್ತಿಲ್ಲ, ಯುಗಾದಿಗೂ 25 ಜನ, ದೀಪಾವಳಿಗೂ 25 ಜನ. ತಪಾಸಣೆಯಲ್ಲಿ ಪಳಗಿದವರು ಹಬ್ಬದ ದಿನದ ಪುಟವನ್ನೇ ಮೊದಲು ತೆಗೆಯುತ್ತಾರೆ. ಒಬ್ಬ ಅಜ್ಜಿಯಾದರೂ ಮಗಳ ಮನೆಗೆ ಹೋಗಿರಬೇಕು, ಒಬ್ಬ ಅಜ್ಜನಾದರೂ ಆಸ್ಪತ್ರೆಯಲ್ಲಿರಬೇಕು. ಯಾರೂ ಎಲ್ಲಿಗೂ ಹೋಗಿಲ್ಲ ಎಂದರೆ ಆ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಆಶ್ರಮಗಳು ಸಾಮಾನ್ಯವಾಗಿ ಎರಡು ಕಡೆ ಲೆಕ್ಕ ಕೊಡುತ್ತವೆ. ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಇದನ್ನು ನೋಡಿಕೊಳ್ಳುತ್ತದೆ. ಕೇಂದ್ರದ ಅನುದಾನ ಪಡೆದವರಿಗೆ ಸಾಮಾಜಿಕ ನ್ಯಾಯ ಸಚಿವಾಲಯದ ಹಿರಿಯ ನಾಗರಿಕರ ಸಮಗ್ರ ಕಾರ್ಯಕ್ರಮ ಅನ್ವಯಿಸುತ್ತದೆ. ಅದರಲ್ಲಿ ಸಾಮಾನ್ಯ ಆಶ್ರಮಕ್ಕೆ 25 ಜನ, ಅಜ್ಜಿಯರಿಗೇ ಮೀಸಲಾದ ಮನೆಗೆ 50 ಜನ, ಆಲ್ಝೈಮರ್ ಮುಂತಾದ ಕಾಯಿಲೆಯಿಂದ ಸದಾ ಆರೈಕೆ ಬೇಕಾದವರ ಮನೆಗೆ 20 ಜನ ಎಂಬ ಲೆಕ್ಕವಿದೆ. ಅರ್ಜಿ ಇ-ಅನುದಾನ್ ಪೋರ್ಟಲ್‌ನಲ್ಲಿ ಹೋಗುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗದ ಪೋರ್ಟಲ್ ಕೊಡುವ ದರ್ಪಣ್ ನೋಂದಣಿ ಸಂಖ್ಯೆ ಇಲ್ಲದೆ ಮುಂದಕ್ಕೆ ಹೋಗಲಾಗದು.

ಮೊದಲು ಹಾಜರಿಯ ಮಾತು. ತಲೆ ಲೆಕ್ಕಕ್ಕಿಂತ ಹಾಜರಿ-ದಿನದ ಲೆಕ್ಕ ಇಡಿ. 25 ಜನ, 30 ದಿನ ಎಂದರೆ 750 ಹಾಜರಿ-ದಿನ. ಇಬ್ಬರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಐದೈದು ದಿನ ಇದ್ದರು, ಒಬ್ಬರು ಮೊಮ್ಮಗನ ಮದುವೆಗೆ ಹರಿಹರಕ್ಕೆ ಹೋಗಿ ಮೂರು ದಿನ ಇದ್ದು ಬಂದರು ಎಂದುಕೊಳ್ಳಿ. ಹದಿಮೂರು ಕಳೆದು 737 ಉಳಿಯಿತು. ತಲೆಗೆ ದಿನಕ್ಕೆ 350 ಗ್ರಾಂ ಅಕ್ಕಿ, ಜೋಳ, ರಾಗಿ ಸೇರಿ ಎಂದು ನೀವೇ ನಿಗದಿ ಮಾಡಿಕೊಂಡಿದ್ದರೆ ತಿಂಗಳ ಖರ್ಚು 258 ಕೆ.ಜಿ. ಆಸುಪಾಸು ಬರಬೇಕು. ದಾಸ್ತಾನು ಪುಸ್ತಕದಲ್ಲಿ ಸರಿಯಾಗಿ 262.5 ಕೆ.ಜಿ. ಬರೆದಿದ್ದರೆ ಅಡುಗೆಯವರು ತೂಗಿ ಕೊಟ್ಟದ್ದನ್ನು ಬರೆದಿಲ್ಲ, ಯಾರೋ 750ನ್ನು 0.35ರಿಂದ ಗುಣಿಸಿದ್ದಾರೆ ಎಂದರ್ಥ. ನಾಲ್ಕೂವರೆ ಕೆ.ಜಿ. ಧಾನ್ಯಕ್ಕೆ ಯಾರೂ ಜಗಳ ಆಡುವುದಿಲ್ಲ. ಆದರೆ ಹಾಜರಿ, ದಾಸ್ತಾನು, ಔಷಧಿ ಪುಸ್ತಕಗಳು ಒಂದಕ್ಕೊಂದು ಹೊಂದದಿದ್ದರೆ ಇಡೀ ವರ್ಷದ ಹಣ ಬಳಕೆ ಪ್ರಮಾಣಪತ್ರದ ಮೇಲೆ ಅನುಮಾನ ಬರುತ್ತದೆ. ಎಲ್ಲರೂ ಯು.ಸಿ. ಎನ್ನುವ ಆ ಪತ್ರವನ್ನು ಕೇಂದ್ರದ ಅನುದಾನಕ್ಕೆ ಸಾಮಾನ್ಯ ಹಣಕಾಸು ನಿಯಮಗಳ (ಜಿ.ಎಫ್.ಆರ್.) 12-ಎ ನಮೂನೆಯಲ್ಲಿ ಕೊಡಬೇಕು. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಲು ಅವಕಾಶವಿದ್ದರೂ ಅಷ್ಟು ದಿನ ಕಾದರೆ ಮುಂದಿನ ಕಂತೂ ಕಾಯುತ್ತದೆ.

ಅನುಸರಿಸಬೇಕಾದ ಕ್ರಮ ಸರಳ. ಬೆಳಗಿನ ತಿಂಡಿಗೆ ಮುಂಚೆ ಪಾಳಿಯ ಆಯಾ ಮಂಚದಿಂದ ಮಂಚಕ್ಕೆ ಹೋಗಿ ಹಾಜರಿ ಹಾಕಲಿ. ಆ ಸಂಖ್ಯೆಯನ್ನೇ ಅಡುಗೆಮನೆಯ ಹಲಗೆಯಲ್ಲಿ ಬರೆಯಲಿ. ಧಾನ್ಯ ತೂಗುವವರು ಅದನ್ನು ನೋಡಿಯೇ ತೂಗಲಿ. ಆಸ್ಪತ್ರೆಗೆ ಹೋದವರಿಗೆ ‘ಆ’, ಮನೆಗೆ ಹೋದವರಿಗೆ ‘ಮ’ ಎಂದು ಗುರುತು ಹಾಕಿ, ಹೊರಟ ಮತ್ತು ವಾಪಸು ಬಂದ ಗಂಟೆ ಬರೆಯಿರಿ. ರಿಜಿಸ್ಟರ್ ಹೊಲಿದ ಪುಸ್ತಕವಾಗಿರಲಿ, ಪುಟಕ್ಕೆ ಸಂಖ್ಯೆ ಇರಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಕು ಹಾಕಿ. ಬಿಳಿ ಶಾಯಿ ಬಳಿಯಬೇಡಿ.

ಇನ್ನು ಬೀಳುವುದರ ಬಗ್ಗೆ. ವಯಸ್ಸಾದವರ ಆರೈಕೆಯಲ್ಲಿ ಅತಿ ಹೆಚ್ಚು ಮುಚ್ಚಿಡುವ, ಅತಿ ಕೆಟ್ಟದಾಗಿ ಬರೆಯುವ ಸಂಗತಿ ಇದು. “ಅಜ್ಜಿ ಬಿದ್ದರು. ಚಿಕ್ಕ ಪೆಟ್ಟು. ಮಾತ್ರೆ ಕೊಟ್ಟಿದೆ” ಎಂಬ ಮೂರು ಸಾಲಿನಿಂದ ವೈದ್ಯರಿಗೂ ಉಪಯೋಗವಿಲ್ಲ, ಇಲಾಖೆಗೂ ಇಲ್ಲ. ಹೀಗೆ ಬರೆದರೆ ಉಪಯೋಗ:

“ಬೆಳಗಿನ ಜಾವ 4.40. ಬಚ್ಚಲ ಹೊಸ್ತಿಲ ಬಳಿ ಎಡಮಗ್ಗುಲಾಗಿ ಬಿದ್ದಿದ್ದರು. ಬಿದ್ದದ್ದನ್ನು ಯಾರೂ ನೋಡಿಲ್ಲ, ಸದ್ದು ಕೇಳಿ ರಾತ್ರಿ ಪಾಳಿಯ ಆಯಾ ಹೋದರು. ಎದ್ದ ಕೂಡಲೇ ಕಣ್ಣು ಕತ್ತಲೆ ಬಂತು ಎಂದರು. ಮೈಮೇಲೆ ಎಚ್ಚರವಿದೆ. ಕಾಲು ಆಡಿಸುತ್ತಾರೆ, ಸೊಂಟ ನೋವಿಲ್ಲ. ತಲೆಗೆ ಪೆಟ್ಟಿಲ್ಲ ಎನ್ನುತ್ತಾರೆ. ಎಡ ಮೊಣಕೈ ತರಚಿದೆ. ಮಲಗಿದಾಗ ಬಿ.ಪಿ. 138/80, ನಿಂತು 3 ನಿಮಿಷಕ್ಕೆ 112/70. ಶುಗರ್ 96. 5.05ಕ್ಕೆ ವೈದ್ಯರಿಗೆ, 5.20ಕ್ಕೆ ಮಗಳಿಗೆ ಫೋನ್.”

ಇದನ್ನು ಓದಿದ ವೈದ್ಯರಿಗೆ ಕಾರಣ ಎದುರಿಗೇ ಕಾಣುತ್ತದೆ. ಮಲಗಿದ್ದವರು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20, ಅಥವಾ ಕೆಳಗಿನದು 10 ಇಳಿದರೆ ನಿಂತಾಗ ರಕ್ತದೊತ್ತಡ ಕುಸಿಯುವ ತೊಂದರೆ ಇದೆ ಎಂದು ಲೆಕ್ಕ. ಇಲ್ಲಿ 26 ಇಳಿದಿದೆ. ಬಿ.ಪಿ. ಮಾತ್ರೆಯ ಪ್ರಮಾಣ, ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತು, ಹಗಲಲ್ಲಿ ಕುಡಿದ ನೀರು ಇವನ್ನೆಲ್ಲ ವೈದ್ಯರು ಮತ್ತೆ ನೋಡುತ್ತಾರೆ. ಏಪ್ರಿಲ್‌, ಮೇ ತಿಂಗಳ ಚಳ್ಳಕೆರೆ, ಹಿರಿಯೂರು ಸೀಮೆಯ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದವರಿಗೆ ಇದು ಇನ್ನೂ ಬೇಗ ಬರುತ್ತದೆ. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತದೆ ಎಂದು ಸಂಜೆಯಿಂದಲೇ ನೀರು ಬಿಡುವ ಅಜ್ಜಿಯರೇ ಹೆಚ್ಚು. ಅವರನ್ನು ಗದರಬಾರದು. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಹಿಡಿಕೆ ಇರಲಿ, ಎದ್ದು ಕೂತು ಒಂದು ನಿಮಿಷ ಕಳೆದ ಮೇಲೆ ನಿಲ್ಲಲು ಕಲಿಸಿ.

ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ ಎಂದೇ ತಿಳಿದು ಎತ್ತಬೇಡಿ, ನಿಲ್ಲಿಸಬೇಡಿ, 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಅವರು ಆರಾಮಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕಳಿಸಿ. ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರ ತೋರಬಹುದು. ಯಾರು ಆ ಮಾತ್ರೆ ತಿನ್ನುತ್ತಾರೆ ಎಂಬುದು ರಾತ್ರಿ ಪಾಳಿಯವರಿಗೆ ಗೊತ್ತಿರಬೇಕಾದರೆ ಮಂಚದ ತಲೆಕಡೆ ಕೆಂಪು ಚುಕ್ಕೆ ಅಂಟಿಸುವುದು ಒಳ್ಳೆಯ ಉಪಾಯ.

ತಿಂಗಳ ಕೊನೆಗೆ ಬಿದ್ದವರ ಪಟ್ಟಿಯನ್ನು ಗಂಟೆ ಮತ್ತು ಜಾಗದ ಪ್ರಕಾರ ಜೋಡಿಸಿ. ಆರರಲ್ಲಿ ನಾಲ್ಕು ಬಾರಿ ಬೆಳಗಿನ ಜಾವ ಬಚ್ಚಲ ಬಳಿಯೇ ಆಗಿದ್ದರೆ ದುಡ್ಡು ಎಲ್ಲಿ ಹಾಕಬೇಕು ಎಂದು ಬೇರೆ ಯಾರೂ ಹೇಳಬೇಕಿಲ್ಲ. ಬಿದ್ದವರ ಸಂಖ್ಯೆ ಸೊನ್ನೆ ಎಂದು ವರದಿ ಕೊಟ್ಟರೆ ಒಳ್ಳೆಯ ಹೆಸರು ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. 25 ಮುದುಕರಿರುವ ಮನೆಯಲ್ಲಿ ವರ್ಷವಿಡೀ ಯಾರೂ ಬೀಳಲಿಲ್ಲ ಎಂದರೆ ಅಲ್ಲಿ ಯಾರೂ ಬರೆಯುತ್ತಿಲ್ಲ.

ಔಷಧಿ ಪುಸ್ತಕದಲ್ಲಿ ಖಾಲಿ ಚೌಕವೇ ದೊಡ್ಡ ಶತ್ರು. ಮಾತ್ರೆ ಕೊಟ್ಟು ಸಹಿ ಮರೆತದ್ದೋ, ಕೊಡಲೇ ಇಲ್ಲವೋ ಗೊತ್ತಾಗದೆ ಮುಂದಿನ ಪಾಳಿಯವರು ಮತ್ತೆ ಕೊಡುತ್ತಾರೆ. ಬೇಡ ಎಂದವರಿಗೆ, ನಿದ್ದೆಯಲ್ಲಿದ್ದವರಿಗೆ, ದಾಸ್ತಾನು ಮುಗಿದಿದ್ದಕ್ಕೆ ಬೇರೆ ಬೇರೆ ಗುರುತು ಇಡಿ, ಚೌಕ ಖಾಲಿ ಬಿಡಬೇಡಿ. ಇನ್ಸುಲಿನ್‌ನಲ್ಲಿ ಇನ್ನೂ ಎರಡು ಅಪಾಯಗಳಿವೆ. ಪ್ರಮಾಣದ ಮುಂದೆ ಇಂಗ್ಲಿಷಿನ ಯು ಅಕ್ಷರ ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 10 ಯುನಿಟ್ 100 ಆಗುತ್ತದೆ, ಆದ್ದರಿಂದ ‘ಯುನಿಟ್’ ಎಂದು ಪೂರ್ತಿ ಬರೆಯಿರಿ. ಎರಡನೆಯದು ಸಿರಿಂಜು. ನಮ್ಮಲ್ಲಿ ಒಂದು ಎಂ.ಎಲ್‌.ಗೆ 40 ಯುನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯುನಿಟ್ ಇರುವುದೂ ಸಿಗುತ್ತದೆ. ಕೆಂಪು ಮುಚ್ಚಳದ ಸಿರಿಂಜು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ನಿದ್ದೆಯಲ್ಲೇ ಶುಗರ್ ಕುಸಿದು ಜೀವ ಹೋಗಬಹುದಾದ ತಪ್ಪು ಇದು. ಪುಸ್ತಕದಲ್ಲಿ ಬಾಟಲಿಯ ಬಲ, ಸಿರಿಂಜಿನ ಬಣ್ಣ ಎರಡಕ್ಕೂ ಕಾಲಂ ಬೇಕು.

ಮಲಗಿದಲ್ಲೇ ಇರುವವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಪಟ್ಟಿ ಮಂಚಕ್ಕೇ ತೂಗಿರಲಿ. ಬೆನ್ನಹುಣ್ಣು ಆದರೆ ವಾರಕ್ಕೊಮ್ಮೆ ಉದ್ದ, ಅಗಲ, ಆಳ ಸೆಂಟಿಮೀಟರಿನಲ್ಲಿ ಅಳೆದು ಬರೆಯಿರಿ. ‘ವಾಸಿಯಾಗುತ್ತಿದೆ’ ಎಂಬ ಮಾತು ಅಳತೆಯಾಗುವುದಿಲ್ಲ. ತೂಕ ತಿಂಗಳಿಗೊಮ್ಮೆ ನೋಡಿ. ಒಂದೇ ತಿಂಗಳಲ್ಲಿ ಶೇ. 5 ಇಳಿದರೆ, ಅಂದರೆ 50 ಕೆ.ಜಿ. ಇದ್ದವರು 47.5ಕ್ಕೆ ಬಂದರೆ, ವೈದ್ಯರಿಗೆ ತಿಳಿಸಿ. ಹಲ್ಲಿನ ಸೆಟ್ ಸಡಿಲವಾಗಿ ರೊಟ್ಟಿ ಬಿಟ್ಟಿರುವುದೂ ಕಾರಣವಾಗಿರಬಹುದು.

ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಓಡಾಡುತ್ತಾರೆಂದು ಸೀರೆಯಿಂದ ಮಂಚಕ್ಕೆ ಕಟ್ಟುವುದು ಸಣ್ಣ ಸಂಗತಿಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಆ ಕಾಯ್ದೆಯಡಿ ಬರುವ ಸಂಸ್ಥೆಯಲ್ಲಿ ಕಟ್ಟಿಹಾಕುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆಯಿಂದ. ಹೇಗೆ, ಯಾಕೆ, ಎಷ್ಟು ಹೊತ್ತು ಎಂದು ಆಗಲೇ ಬರೆಯಬೇಕು ಮತ್ತು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ಕಾಯ್ದೆ ನಿಮಗೆ ಅನ್ವಯಿಸದಿದ್ದರೂ ಇದೇ ಶಿಸ್ತು ಇಟ್ಟುಕೊಳ್ಳಿ. ರಾತ್ರಿ ಪಾಳಿಗೆ ಇನ್ನೊಬ್ಬ ಆಯಾ ಬೇಕು ಎಂದು ಸಮಿತಿಯ ಮುಂದೆ ಕೇಳಲು ಆ ಬರಹವೇ ಆಧಾರವಾಗುತ್ತದೆ.

ಸಾವಿನ ನೋಂದಣಿಗೆ 21 ದಿನ. 1969ರ ಜನನ ಮರಣ ನೋಂದಣಿ ಕಾಯ್ದೆ ಛತ್ರ, ಹಾಸ್ಟೆಲ್, ವಸತಿಗೃಹದಂಥ ಕಡೆ ಆದ ಸಾವನ್ನು ತಿಳಿಸುವ ಹೊಣೆಯನ್ನು ಅಲ್ಲಿನ ಉಸ್ತುವಾರಿಯವರಿಗೇ ಕೊಟ್ಟಿದೆ. “ಮಕ್ಕಳು ಬಂದು ಮಾಡಿಸಿಕೊಳ್ಳುತ್ತಾರೆ” ಎಂದು ಆಶ್ರಮ ಸುಮ್ಮನಿರಬಾರದು. ಸಾವಿನ ಕಾರಣದ ವೈದ್ಯಕೀಯ ಪತ್ರ ಆಸ್ಪತ್ರೆಯಲ್ಲಾದರೆ ನಮೂನೆ 4, ಹೊರಗಾದರೆ 4-ಎ. ಅದರಲ್ಲಿ ‘ಹೃದಯ ನಿಂತು’ ಎಂದಷ್ಟೇ ಬರೆದರೆ ಕಾರಣ ಹೇಳಿದಂತಾಗುವುದಿಲ್ಲ, ಯಾರು ಸತ್ತರೂ ಹೃದಯ ನಿಲ್ಲುತ್ತದೆ. ಮೊದಲಿನ ಕಾಯಿಲೆಗಳ ಕಡತವನ್ನು ವೈದ್ಯರ ಕೈಗೆ ಕೊಡಿ.

ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಬಿದ್ದು ಸೊಂಟ ಮುರಿದುಕೊಂಡವರು ಮೂರು ವಾರದ ಮೇಲೆ ನ್ಯುಮೋನಿಯಾದಿಂದ ತೀರಿಕೊಂಡರೆ ಅದನ್ನು ವಯೋಸಹಜ ಸಾವು ಎಂದು ಬರೆದುಬಿಡುತ್ತಾರೆ. ಸಾವಿನ ಮೂಲ ಅಪಘಾತ, ಆದ್ದರಿಂದ ಪೊಲೀಸರಿಗೆ ತಿಳಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಅವರು ವಿಚಾರಣೆ ನಡೆಸುತ್ತಾರೆ. ಅಂತ್ಯಕ್ರಿಯೆ ಮುಗಿದ ಮೇಲೆ ಊರಿಂದ ಬಂದ ಮಗ ದೂರು ಕೊಟ್ಟರೆ, ಬಿದ್ದ ದಿನದ ಆ ಬರಹ ಮತ್ತು ಠಾಣೆಗೆ ಕೊಟ್ಟ ಪತ್ರ ಎರಡೂ ನಿಮ್ಮ ಸಿಬ್ಬಂದಿಯನ್ನು ಕಾಪಾಡುತ್ತವೆ.

ಚುಚ್ಚುಮದ್ದು, ಡ್ರೆಸಿಂಗ್, ಕ್ಯಾತೆಟರ್ (ಮೂತ್ರದ ನಳಿಕೆ) ಹಾಕುವುದು ನಡೆಯುವ ಆಶ್ರಮಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು. ರಕ್ತ ಕೀವು ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಮೂತ್ರದ ಚೀಲ, ನಳಿಕೆ ಕೆಂಪಿಗೆ, ಸೂಜಿ ಚುಚ್ಚಿಹೋಗದ ಬಿಳಿ ಡಬ್ಬಿಗೆ, ಗಾಜಿನ ಸೀಸೆ ನೀಲಿಗೆ. ರಕ್ತ ಹತ್ತಿದ ಹಳದಿ ಚೀಲವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗಿನ ವಾರ್ಷಿಕ ವರದಿ ನಮೂನೆ 4ರಲ್ಲಿ ಜೂನ್ 30ರೊಳಗೆ ಹೋಗಬೇಕು. ಇದಕ್ಕೆ ದಿನದಿನದ ತೂಕ ಬೇಕು, ಆದ್ದರಿಂದ ನೂರು ಗ್ರಾಂ ತೋರುವ ತೂಗುಯಂತ್ರ ಒಂದನ್ನು ಕೊಳ್ಳಿ.

ಜಗಳೂರು, ಮೊಳಕಾಲ್ಮೂರು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ನಮಗೆಲ್ಲ ಗೊತ್ತು. ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿ.ಗ್ರಾಂ. ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 1.5ರ ತನಕ. ಶುದ್ಧ ನೀರಿನ ಘಟಕ ಹಾಕಿಸಿದ್ದಕ್ಕೆ ತೃಪ್ತಿಪಡದೆ, ಅದರಿಂದ ಹೊರಬರುವ ನೀರನ್ನೇ ಪರೀಕ್ಷೆಗೆ ಕಳಿಸಿ ವರದಿಯನ್ನು ಕಡತದಲ್ಲಿಡಿ. ಒಳಗಿನ ಸೋಸುವ ಪೊರೆ ಹಳತಾದರೆ ಘಟಕ ಓಡುತ್ತಲೇ ಇರುತ್ತದೆ, ಫ್ಲೋರೈಡೂ ಬರುತ್ತಲೇ ಇರುತ್ತದೆ.

ಉಳಿದವು ವರ್ಷಕ್ಕೊಮ್ಮೆಯ ಕೆಲಸ. ಸಂಘಗಳ ಕಾಯ್ದೆಯಲ್ಲಿ ನೋಂದಾಯಿಸಿದವರು ಸರ್ವಸದಸ್ಯರ ಸಭೆಯ ನಂತರ 14 ದಿನದೊಳಗೆ ಆಡಳಿತ ಮಂಡಳಿ ಪಟ್ಟಿ ಮತ್ತು ವರ್ಷದ ಆದಾಯ-ಖರ್ಚಿನ ಲೆಕ್ಕವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ವಿದೇಶಿ ದೇಣಿಗೆ ಇದ್ದರೆ ಎಫ್‌.ಸಿ.-4 ಎಂಬ ವಾರ್ಷಿಕ ವಿವರ ಡಿಸೆಂಬರ್ 31ರೊಳಗೆ. ಊಟ ಹಾಕುವುದು ಲಾಭಕ್ಕಲ್ಲ ಎಂಬ ಕಾರಣಕ್ಕೆ ಆಹಾರ ಸುರಕ್ಷತಾ ಕಾಯ್ದೆ ಬಿಡುವುದಿಲ್ಲ, ಅದರ ‘ಆಹಾರ ವ್ಯವಹಾರ’ದ ವ್ಯಾಖ್ಯಾನದಲ್ಲೇ ‘ಲಾಭಕ್ಕಿರಲಿ, ಇಲ್ಲದಿರಲಿ’ ಎಂದಿದೆ.

ಹಿರಿಯರ ಪಿಂಚಣಿ ದುಡ್ಡು ಆಶ್ರಮದ ಲೆಕ್ಕದಲ್ಲಿ ಎಂದೂ ಬೆರೆಯಬಾರದು. ಒಬ್ಬೊಬ್ಬರಿಗೆ ಒಂದು ಪುಟ, ಬ್ಯಾಂಕಿನಿಂದ ತಂದದ್ದು, ಕೈಗೆ ಕೊಟ್ಟದ್ದು, ಉಳಿದದ್ದು. ಹೆಬ್ಬೆಟ್ಟು ಒತ್ತುವವರಿಗೆ ಇಬ್ಬರು ಸಾಕ್ಷಿ ಇರಲಿ, ಅವರಲ್ಲೊಬ್ಬರು ಸಿಬ್ಬಂದಿಯಲ್ಲದೆ ಇನ್ನೊಬ್ಬ ನಿವಾಸಿಯಾಗಿರಲಿ. ನಿವೃತ್ತ ನೌಕರರ ಜೀವಂತ ಪ್ರಮಾಣಪತ್ರಕ್ಕೆ ನವೆಂಬರ್ ತಿಂಗಳು. ಜೀವನವಿಡೀ ದುಡಿದ ಕೈಗಳ ಬೆರಳಚ್ಚನ್ನು ಯಂತ್ರ ಗುರುತಿಸದೆ ಹೋಗುತ್ತದೆ. ಈ ಪತ್ರವನ್ನು ಆನ್‌ಲೈನಿನಲ್ಲಿ ಕೊಡುವ ಸರ್ಕಾರಿ ಸೇವೆ ಜೀವನ್ ಪ್ರಮಾಣ್‌ನಲ್ಲಿ ಮೊಬೈಲಿನಿಂದ ಮುಖ ತೋರಿಸಿ ಮಾಡುವ ವಿಧಾನವೂ ಇದೆ. ನವೆಂಬರ್ ಮೊದಲ ವಾರವೇ, ಬೆಳಗಿನ ಬೆಳಕಿನಲ್ಲಿ ಅಂಗಳದಲ್ಲಿ ಕೂರಿಸಿ ಮಾಡಿಸಿ, ಬಂದ ಸಂಖ್ಯೆಯನ್ನು ಅವರವರ ಪುಟದಲ್ಲೇ ಬರೆದಿಡಿ.