ನಳಿಗೆಯೊಳಗಿನ ತಾಮ್ರ

28 ಸೆಪ್ಟೆಂಬರ್ 2025, ಭಾನುವಾರ
ತುಮಕೂರು

ಬುಧವಾರ ಆಯುಧಪೂಜೆ. ಸ್ಕೂಟರು, ಟಿಲ್ಲರು, ಮಚ್ಚು, ಗುದ್ದಲಿ ಇವನ್ನೆಲ್ಲ ಮಂಗಳವಾರ ತೊಳೆದರೆ ಸಾಕು. ಅಪ್ಪನ ಪಿಸ್ತೂಲನ್ನು ಮಾತ್ರ ಗುರುವಾರವೇ ಬಿಚ್ಚಿಕೊಂಡು ಕೂತೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಇವತ್ತಿಗೆ ನಾಲ್ಕು ಸಂಜೆ ಆಯ್ತು.

ಅದು .32 ಬೋರಿಂದು, ಅಂದರೆ ನಳಿಗೆಯ ಒಳಗಲದ ಅಳತೆ. ಗುಬ್ಬಿ ಕಡೆ ತೋಟದ ಮನೆಯಲ್ಲಿ ಅಪ್ಪ ಒಬ್ಬರೇ ಇರುತ್ತಿದ್ದಾಗ ತಗೊಂಡಿದ್ದು. ಅವರು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ನಾನು ವರ್ಷಕ್ಕೊಮ್ಮೆ ರೇಂಜಿಗೆ ಹೋಗಿ ಒಂದಿಷ್ಟು ಹೊಡೆದು ಬರ್ತೀನಿ. ಎಣ್ಣೆಬಟ್ಟೆಯಲ್ಲಿ ಹೊರಮೈಯನ್ನಷ್ಟೇ ಒರೆಸಿ ಬೀರುವಿಗೆ ಸೇರಿಸ್ತೀನಿ. ಅಷ್ಟೇ ನನ್ನ ಸೇವೆ. ಕಳೆದ ವರ್ಷ ಲೋಕಸಭೆ ಎಲೆಕ್ಷನ್ನಿಗೆ ಠಾಣೆಗೆ ಒಪ್ಪಿಸಿದ್ದೆ. ವಾಪಸ್ ತಂದವನು ಚರ್ಮದ ಚೀಲದ ಸಮೇತ ಇಟ್ಟು ಮರೆತುಬಿಟ್ಟೆ.

ಗುರುವಾರ ಮೊದಲು ಮ್ಯಾಗಜೀನ್ ತೆಗೆದೆ. ಸ್ಲೈಡ್ ಎಳೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿದೆ. ತೋಟಾ ಡಬ್ಬ ಬೇರೆ ರೂಮಿಗೆ ಹೋಯ್ತು. ಆಮೇಲೆ ನಳಿಗೆ ಬಿಚ್ಚಿ, ಒಂದು ತುದಿಗೆ ಬಿಳಿ ಹಾಳೆ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟು, ಇನ್ನೊಂದು ತುದಿಯಿಂದ ಇಣುಕಿದೆ. ಒಳಗೆ ತಿರುಚಿಕೊಂಡು ಹೋಗೋ ತೋಡುಗಳ ಉದ್ದಕ್ಕೂ ಕೆಂಪು ಮಿರುಗು. ಮೋಟರ್ ರಿವೈಂಡ್ ಮಾಡುವಾಗ ಹಾಕ್ತಾರಲ್ಲ ಹೊಸ ತಂತಿ, ಅದೇ ಬಣ್ಣ.

ಅದು ಗುಂಡಿನ ಮೈಯಿಂದ ಬಂದಿದ್ದು. ಗುಂಡಿನ ಒಳಗೆ ಸೀಸ, ಮೇಲೊಂದು ತೆಳು ಕವಚ. ಕವಚ ಸಾಮಾನ್ಯವಾಗಿ ನೂರಕ್ಕೆ 90ರಿಂದ 95 ಪಾಲು ತಾಮ್ರ, ಮಿಕ್ಕಿದ್ದು ಸತು. ತೋಡುಗಳು ಗುಂಡನ್ನು ಕಚ್ಚಿ ತಿರುಗಿಸುವಾಗ ಒಂಚೂರು ತಾಮ್ರ ಸವೆದು ಉಕ್ಕಿಗೆ ಮೆತ್ತಿಕೊಳ್ಳುತ್ತೆ. ಈ ಕಾಟ ರೈಫಲ್ಲಿಗೇ ಜಾಸ್ತಿ, ಅಲ್ಲಿ ಗುಂಡು ಸೆಕೆಂಡಿಗೆ 800 ಮೀಟರ್ ಆಸುಪಾಸಲ್ಲಿ ಓಡುತ್ತೆ. ನಮ್ಮ .32 ಮುನ್ನೂರನ್ನೂ ಮುಟ್ಟಲ್ಲ. ಇದರಲ್ಲಿ ಇಷ್ಟು ತಾಮ್ರ ಹೇಗೆ ಕೂತಿತು ಅನ್ನೋದೇ ನನಗೆ ಆಶ್ಚರ್ಯ.

ತಾಮ್ರ ಅನ್ನೋ ಪದ ಕಿವಿಗೆ ಬಿದ್ದಿದ್ದೇ ತಡ, ಅಡುಗೆಮನೆಯಿಂದ ಹೆಂಡತಿ "ಹುಣಸೆಹಣ್ಣು ಕೊಡ್ಲಾ?" ಅಂದಳು. ತಮಾಷೆಗೆ ಕೇಳಿದ್ದಲ್ಲ. ಆದರೆ ಹುಣಸೆಹುಳಿ ತೆಗೆಯೋದು ತಾಮ್ರದ ಮೇಲಿನ ಕಿಲುಬನ್ನು, ತಾಮ್ರವನ್ನಲ್ಲ. ನಳಿಗೆಗೆ ಹುಣಸೆಹಣ್ಣು ಹಾಕಿದ್ದರೆ ಒಳಗಿನ ತಾಮ್ರ ದೇವರ ಮನೆ ಚೊಂಬಿನ ಹಾಗೆ ಫಳಫಳ ಅಂತಿತ್ತು, ಸುತ್ತಲಿನ ಉಕ್ಕು ತುಕ್ಕು ಹಿಡೀತಿತ್ತು.

ಪಕ್ಕದ ಬೀದಿಯಲ್ಲಿ ನಿವೃತ್ತ ಸುಬೇದಾರರೊಬ್ಬರು ಇದ್ದಾರೆ. ಅವರಿಗೆ ಫೋನ್ ಮಾಡಿದೆ. "ಚಿಂದಿ ರೆಡಿ ಮಾಡ್ಕೊಳ್ಳಿ" ಅಂದರು. ಸೇನೆಯಲ್ಲಿ ನಳಿಗೆ ಒರೆಸೋ ಬಟ್ಟೆ ತುಂಡಿಗೆ ಚಿಂದಿ ಅಂತಾರಂತೆ. ಹಳೇ ಪಂಚೆ ಹರಿದು ಐವತ್ತು ತುಂಡು ಮಾಡಿದೆ. ಇನ್ನೊಂದು ಮಾತು ಹೇಳಿದರು: ಬರೀ ತಾಮ್ರದ ಹಿಂದೆ ಬೀಳಬೇಡಿ. ಮದ್ದಿನ ಕರಿ ಒಂದು ಪದರ, ಅದರ ಮೇಲೆ ತಾಮ್ರ ಒಂದು ಪದರ, ಮತ್ತೆ ಕರಿ. ಚಿರೋಟಿ ಥರ. ಕರಿ ತೆಗೆಯೋ ದ್ರಾವಣ ತಾಮ್ರಕ್ಕೆ ಸರಿಯಾಗಿ ಹತ್ತಲ್ಲ, ತಾಮ್ರ ತೆಗೆಯೋದು ಕರಿಗೆ ಹತ್ತಲ್ಲ. ಒಂದಾದ ಮೇಲೆ ಒಂದು ಹಾಕುತ್ತಾ ಹೋಗಬೇಕು.

ನಮ್ಮ ಚಿರೋಟಿಯಲ್ಲಿ ಮೂರನೇ ಪದರವೂ ಇತ್ತು, ಕೊಬ್ಬರಿ ಎಣ್ಣೆ. ಅಪ್ಪನಿಗೆ ಬೇರೆ ಎಣ್ಣೆ ಗೊತ್ತೇ ಇರಲಿಲ್ಲ. ಬಾಗಿಲ ಕೀಲು, ಹೊಲಿಗೆ ಮೆಷಿನ್ನು, ಮೊಣಕಾಲು ನೋವು, ಪಿಸ್ತೂಲು ಎಲ್ಲಕ್ಕೂ ಅದೇ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇರೋವಾಗ ಬೇರೆ ಎಣ್ಣೆ ಯಾಕೆ ಅನ್ನೋರು. 24 ಡಿಗ್ರಿಗಿಂತ ಕೆಳಗೆ ಬಂದರೆ ಅದು ಹೆಪ್ಪುಗಟ್ಟುತ್ತೆ. ವರ್ಷಗಟ್ಟಲೆ ಬಿಟ್ಟರೆ ಅಂಟಂಟಾಗುತ್ತೆ. ಕರಿಯ ಜೊತೆ ಸೇರಿ ಮೆರುಗೆಣ್ಣೆ ಬಳಿದ ಹಾಗೆ ಕೂತಿತ್ತು.

ಗುರುವಾರ ಪೂರ್ತಿ ಅದಕ್ಕೇ ಹೋಯ್ತು. ಕರಿಗೆ ತಂದಿದ್ದು ಹಾಪ್ಸ್ ನಂಬರ್ 9 ಅನ್ನೋ ದ್ರಾವಣ. 1903ರಿಂದ ಇರೋ ಸರಕು, ಮುಚ್ಚಳ ತೆಗೆದರೆ ಮಾಗಿದ ಬಾಳೆಹಣ್ಣಿನ ವಾಸನೆ. ತಾಮ್ರಕ್ಕೆ ತಂದಿದ್ದು ಅಮೋನಿಯಾ ಇರೋ ದ್ರಾವಣ. ಅದಕ್ಕೆ ವಾರ ಗುಡಿಸದ ಕೊಟ್ಟಿಗೆಯ ವಾಸನೆ. ಶುಕ್ರವಾರ ಅದನ್ನು ಹಿತ್ತಲಿಗೆ ಒಯ್ದು ಕೂತೆ. ಹದಿನೈದು ನಿಮಿಷಕ್ಕಿಂತ ಜಾಸ್ತಿ ನಳಿಗೆಯಲ್ಲಿ ಬಿಡಬೇಡಿ ಅಂತ ಬಾಟಲಿ ಮೇಲೇ ಬರೆದಿದೆ. ನಾನು ಮೊಬೈಲಲ್ಲಿ ಹತ್ತಕ್ಕೇ ಅಲಾರಂ ಇಟ್ಟೆ.

ಮೊದಲ ಚಿಂದಿ ಹೊರಗೆ ಬಂದಾಗ ಬರೀ ಒದ್ದೆ, ಬೂದು ಬಣ್ಣ. ಏನೂ ಆಗಿಲ್ಲ ಅಂದುಕೊಂಡು ಕಲ್ಲಿನ ಮೇಲೆ ಎಸೆದೆ. ನೋಡ್ತಾ ನೋಡ್ತಾ ಅಂಚಿನಿಂದ ನೀಲಿ ಏರಿಕೊಂಡು ಬಂತು. ಅಮೋನಿಯಾ ತಾಮ್ರವನ್ನು ಕರಗಿಸೋಕೆ ಗಾಳಿಯೂ ಬೇಕು, ಅದಕ್ಕೇ ಹೊರಗೆ ಬಂದ ಮೇಲೆ ಬಣ್ಣ ಏರೋದು. ಅಡಿಕೆಗೆ ಬೋರ್ಡೋ ಹೊಡೆಯೋಕೆ ಮೈಲುತುತ್ತ ಕರಗಿಸ್ತೀವಲ್ಲ, ಅದಕ್ಕಿಂತ ಗಾಢ ನೀಲಿ. ಅದೂ ತಾಮ್ರವೇ, ಇದೂ ತಾಮ್ರವೇ.

ತೋಟಾ ಡಬ್ಬ ದೂರ ಇಟ್ಟಿದ್ದಕ್ಕೆ ಈ ಅಮೋನಿಯಾನೂ ಒಂದು ಕಾರಣ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯವರು ಮಳೆಗಾಲದಲ್ಲಿ ಹಿತ್ತಾಳೆ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ ಬಿರುಕು. ಗಂಜಲದಿಂದ ಏಳೋ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತೆ ಅನ್ನೋದು 1921ರಲ್ಲಿ ಪಕ್ಕಾ ಆಯ್ತು.

ಶುಕ್ರವಾರ ಹನ್ನೆರಡು ಚಿಂದಿ, ಹನ್ನೆರಡೂ ನೀಲಿ. ಶನಿವಾರ ಹದಿನೈದು, ಅವೂ ನೀಲಿ. ಇಣುಕಿದರೆ ನಳಿಗೆಯಲ್ಲಿ ಕೆಂಪು ಎಷ್ಟೋ ಕಮ್ಮಿ ಆಗಿದೆ, ಆದರೆ ಚಿಂದಿಯ ನೀಲಿ ಒಂದಿಷ್ಟೂ ಇಳಿದಿಲ್ಲ. ಇಷ್ಟು ತಾಮ್ರ ಇದ್ದಿದ್ದರೆ ಗುಂಡು ಹೋಗೋಕೇ ಜಾಗ ಇರ್ತಿರಲಿಲ್ಲ, ಅಲ್ವಾ? ಸುಬೇದಾರರಿಗೆ ಚಿಂದಿಗಳ ಫೋಟೋ ಕಳಿಸಿದೆ. ಅವರು ಉತ್ತರವಾಗಿ ಕೇಳಿದ್ದು ಒಂದೇ: "ಬ್ರಷ್ ಯಾವುದು?"

ದ್ರಾವಣ ಹಾಕಿ ಉಜ್ಜುತ್ತಿದ್ದ ಬ್ರಷ್ಷು ಕಂಚಿಂದು. ಚಿಂದಿ ಸಿಕ್ಕಿಸೋ ಕಡ್ಡಿಯ ತುದಿ ಹಿತ್ತಾಳೆಯದು. ಎರಡರಲ್ಲೂ ಇರೋದು ಹೆಚ್ಚುಪಾಲು ತಾಮ್ರವೇ. ಆ ಹಿತ್ತಾಳೆ ತುದಿಗೆ ಒಂದು ತೊಟ್ಟು ದ್ರಾವಣ ಬಿಟ್ಟು, ಹೊಸ ಚಿಂದಿ ಸುತ್ತಿ, ನಳಿಗೆಯ ಹತ್ತಿರಕ್ಕೂ ಒಯ್ಯದೆ ಸುಮ್ನೆ ಕಟ್ಟೆ ಮೇಲೆ ಇಟ್ಟೆ. ಕಾಫಿ ಕುಡಿದು ಬಂದು ಬಿಚ್ಚಿದರೆ ಮೈಲುತುತ್ತ! ಎರಡು ಸಂಜೆ ನಾನು ಕರಗಿಸಿದ್ದು ನನ್ನ ಬ್ರಷ್ಷನ್ನೇ. ನೋಡಿದರೆ ಅದರ ಕೂದಲೂ ಅರ್ಧ ಬೋಳಾಗಿತ್ತು.

ತಾಮ್ರವೇ ಇಲ್ಲದ ಬ್ರಷ್ ಬೇಕು, ಅಂದರೆ ನೈಲಾನಿಂದು. ಮಂಡಿಪೇಟೆಯ ಅಂಗಡಿಗಳಲ್ಲಿ ಅಂಥದ್ದನ್ನು ಯಾರು ಇಟ್ಟಿರ್ತಾರೆ? ಅದೂ ಭಾನುವಾರ. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಡ್ರಾಯರಲ್ಲಿ, ಸ್ಟೀಲ್ ಸ್ಟ್ರಾ ತೊಳೆಯೋ ಬ್ರಷ್ಷು. .32 ನಳಿಗೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಹಿತ್ತಾಳೆ ತುದಿಯ ಬದಲು ಬಿದಿರು ಕಡ್ಡಿಗೆ ಚಿಂದಿ ಸುತ್ತಿದೆ. ಹಿಂದಿನ ತುದಿಯಿಂದಲೇ ತೂರಿಸಿದೆ. ಗುಂಡು ಹೊರಬೀಳೋ ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತೆ. ಮೊದಲ ಚಿಂದಿ ತೆಳು ನೀಲಿ. ಎರಡನೆಯದು ಇನ್ನೂ ತೆಳು. ನಾಲ್ಕನೆಯದು ಬಿಳಿ, ಅರ್ಧ ಗಂಟೆ ಕಾದರೂ ಬಿಳಿ.

ಒಳಗೆ ಇಣುಕಿದೆ. ತೋಡುಗಳು ಬೆಳ್ಳಗೆ ಹೊಳೀತಿದ್ದವು. ಆದರೆ ಬಾಯಿಯ ಹತ್ತಿರ ಸಿಡುಬಿನ ಕಲೆ ಥರ ಏಳೆಂಟು ಕುಳಿ. ಹಳೇ ತುಕ್ಕು ತಿಂದ ಜಾಗ. ಅವುಗಳ ತಳದಲ್ಲಿ ಇನ್ನೂ ಸಾಸಿವೆಯಷ್ಟು ಕೆಂಪು. ತಾಮ್ರ ಯಾಕೆ ಇಲ್ಲಿ ಇಷ್ಟು ಕೂತಿತ್ತು ಅಂತ ಆಗ ಗೊತ್ತಾಯ್ತು: ಒರಟಾದ ಉಕ್ಕು ಅರದ ಥರ ಪ್ರತಿ ಗುಂಡಿನ ಮೈಯನ್ನೂ ಕೆರೆದಿದೆ. ಅದಕ್ಕೆ ಅಪ್ಪನ ತೋಟದ ಮನೆಯ ತೇವ ಎಷ್ಟು ಕಾರಣವೋ, ನನ್ನ ಚರ್ಮದ ಚೀಲವೂ ಅಷ್ಟೇ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಪಾಲಿಶ್ ಪೇಸ್ಟ್ ಹಾಕಿ ಉಜ್ಜಲಾ ಅಂತ ಕೇಳಿದೆ. "ಬಿಡಿ ಸಾರ್, ಕುಳಿ ಹೋಗೋವರೆಗೆ ಉಜ್ಜಿದರೆ ತೋಡೂ ಹೋಗುತ್ತೆ" ಅಂದರು ಸುಬೇದಾರರು. ಬಿಟ್ಟೆ. ಒಣ ಚಿಂದಿಯಲ್ಲಿ ದ್ರಾವಣ ಪೂರ್ತಿ ಒರೆಸಿ, ಗನ್ ಎಣ್ಣೆ ಸವರಿ, ಜೋಡಿಸಿ ಇಟ್ಟೆ. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದೆ. ಆ ಮಸಿಯಲ್ಲಿ ಸೀಸವೂ ಇರುತ್ತೆ.

ಪೂಜೆಯ ದಿನ ಕುಂಕುಮ ಮರದ ಹಿಡಿಗೆ ಮಾತ್ರ, ನಳಿಗೆಯ ಕಡೆ ಒಂದು ಹನಿ ನೀರೂ ಬೀಳಬಾರದು ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಚರ್ಮದ ಚೀಲ ಖಾಲಿಯಾಗಿ ಮೊಳೆಗೆ ನೇತಾಡ್ತಿದೆ. ಸ್ಟ್ರಾ ಬ್ರಷ್ ಎಲ್ಲಿ ಅಂತ ಮಗಳು ಆಗಲೇ ಎರಡು ಸಲ ಕೇಳಿದಳು. ನಾಳೆ ಹೊಸದು ತರಬೇಕು.