ಹಸಿರು ಬಣ್ಣ ನೋಡಿ ನೆಮ್ಮದಿಯಾಗಿದ್ದೆ

ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡ್ಕೊಂಡಿರೋನು ನಾನು, ಐಜಿ ರೋಡಿಂದ ಸ್ವಲ್ಪ ಒಳಗೆ ಒಂದು ಸಣ್ಣ ಅಂಗಡಿ. ಫಾರ್ಮ್ಯಾಟು, ಪ್ರಿಂಟರು, ನುಡಿ ಫಾಂಟ್ ಬರ್ತಿಲ್ಲ ಬೇಗ ಬಾ ಅನ್ನೋ ಫೋನು, ಮಳೆಗಾಲಕ್ಕೆ ಮುಂಚೆ ಸಿಡಿಲು ಹೊಡೆದು ಸತ್ತ ರೂಟರುಗಳು, ಇದೇ ನನ್ ಜೀವನ. ಗಿರಾಕಿಗಳಲ್ಲಿ ಕಾಫಿ ತೋಟದೋರೇ ಜಾಸ್ತಿ. ಹೋದ ವರ್ಷ ಒಬ್ಬ ಗೌಡ್ರ ಆಫೀಸಲ್ಲಿ ಬ್ಯಾಕಪ್ ಹಾಕ್ಕೊಡ್ತೀನಿ ಅಂತ ಹೋಗಿ ನಾನೇ ಅವ್ರ ಫೈಲ್ ಹೋಗೋ ಹಂಗೆ ಮಾಡಿದ ಕಥೆ ಇದು. ಸಾಫ್ಟ್‌ವೇರ್ ತಪ್ಪಲ್ಲ, ಕಂಪನಿ ತಪ್ಪಲ್ಲ, ಪೂರ್ತಿ ನಂದೇ ತಪ್ಪು, ಅದಕ್ಕೇ ಬರೀತಿದೀನಿ.

ಗೌಡ್ರಿಗೆ ಟೌನಲ್ಲಿ ಒಂದು ಆಫೀಸು, ಆಲ್ದೂರು ಕಡೆ ತೋಟ. ಆಫೀಸಲ್ಲಿ ಹಳೇ ಡೆಸ್ಕ್‌ಟಾಪು, ವಿಂಡೋಸ್ 10, ಒಂದು ಟಿಬಿ ಹಾರ್ಡ್ ಡಿಸ್ಕು, ಆನ್ ಮಾಡಿ ಒಂದು ಕಾಫಿ ಕುಡಿದು ಬರೋ ಅಷ್ಟೊತ್ತಿಗೆ ರೆಡಿ ಆಗೋದು. ಎಸ್‌ಎಸ್‌ಡಿ (ವೇಗದ ಹೊಸ ಥರದ ಡಿಸ್ಕು) ಹಾಕ್ಸಿ ಅಂತ ಮೂರು ವರ್ಷದಿಂದ ಹೇಳ್ತಿದ್ದೆ, ಈ ವರ್ಷ ರೇಟ್ ಬರ್ಲಿ ತಡಿ ಮಾರಾಯ ಅಂತ ಮುಂದಕ್ಕೆ ಹಾಕ್ತಾನೇ ಬಂದ್ರು. (ಅದು ಹಾಕ್ಸದೇ ಇದ್ದಿದ್ದೇ ಒಳ್ಳೇದಾಯ್ತು, ಯಾಕೆ ಅಂತ ಆಮೇಲೆ ಹೇಳ್ತೀನಿ.) ತೋಟದ ಮನೇಲಿ ಒಂದು ಹೊಸ ಲ್ಯಾಪ್‌ಟಾಪು. ಡೆಸ್ಕ್‌ಟಾಪಲ್ಲಿ ಲೆಕ್ಕಪತ್ರದ ಟ್ಯಾಲಿ, ಆಳುಗಳ ಹಾಜರಿ ಕೂಲಿ ಬರೆಯೋ ಚೆಕ್‌ರೋಲ್ ಎಕ್ಸೆಲ್ಲು, ತೋಟದ ಫೋಟೋ ವಿಡಿಯೋ ಒಂದು ರಾಶಿ, ಮತ್ತೆ ಮಳೆ ಫೈಲು.

ಮಳೆ ಫೈಲ್ ಅಂದ್ರೆ ಏನು ಅಂತ ತೋಟ ಇಲ್ದೋರಿಗೆ ಸ್ವಲ್ಪ ಹೇಳ್ಬೇಕು. ದಿನಾ ಬೆಳಗ್ಗೆ ಅಂಗಳದ ಮಳೆ ಮಾಪಕದಲ್ಲಿ ಎಷ್ಟು ನೀರು ನಿಂತಿದೆ ಅಂತ ನೋಡಿ ಇಂಚು, ಸೆಂಟು ಲೆಕ್ಕದಲ್ಲಿ ಬುಕ್ಕಲ್ಲಿ ಬರ್ಕೊಳ್ತಾರೆ. ಮಿಲಿಮೀಟರ್ ಗಿಲಿಮೀಟರ್ ಎಲ್ಲ ರೇಡಿಯೋದೋರಿಗೆ, ತೋಟದಲ್ಲಿ ಇವತ್ತಿಗೂ "ನಿನ್ನೆ ನಮ್ಗೆ ಒಂದು ಇಂಚು ಇಪ್ಪತ್ತು ಸೆಂಟು, ನಿಮ್ಗೆಷ್ಟು" ಅಂತಾನೇ ಕೇಳೋದು. ಕಾಫಿ ಹೂ ಬಿಡಿಸೋ ಹೂ ಮಳೆ ಯಾವತ್ತು ಬಂತು, ಅದಾದ್ಮೇಲೆ ಕಾಯಿ ಕಟ್ಟಕ್ಕೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಚ್ಬೇಕಾ ಇಲ್ಲ ಇನ್ನೊಂದು ವಾರ ಕಾಯೋಣ್ವಾ, ಇದೆಲ್ಲ ಫೆಬ್ರವರಿ ಮಾರ್ಚಲ್ಲಿ ಹಳೇ ಲೆಕ್ಕ ಮುಂದೆ ಇಟ್ಕೊಂಡೇ ಯೋಚ್ನೆ ಮಾಡೋದು. ಗೌಡ್ರ ತಂದೆ 1974ರಿಂದ ಬರೆದಿಟ್ಟಿದ್ದ ಬುಕ್ಕುಗಳನ್ನ ಅಮ್ಮಾವ್ರು, ಅಂದ್ರೆ ಗೌಡ್ರ ಮನೆಯೋರು, ಎರಡು ಮಳೆಗಾಲ ಕೂತ್ಕೊಂಡು ಎಕ್ಸೆಲ್‌ಗೆ ಹಾಕಿದ್ರು. ಹಾಕಾಯ್ತಲ್ಲ ಅಂತ ಬುಕ್ಕುಗಳನ್ನ ಅಟ್ಟಕ್ಕೆ ಎತ್ತಿಟ್ರು, ಅಲ್ಲಿ ಅರ್ಧಕ್ಕರ್ಧ ಗೆದ್ದಲು ತಿಂದ್ಹಾಕ್ತು.

ಫೆಬ್ರವರಿಲಿ ಗೌಡ್ರು ಕರೆಸಿ ಹೇಳಿದ್ದು ಇಷ್ಟೇ: "ಇಲ್ಲಿ ಹಾಕಿದ್ದು ತೋಟದಲ್ಲೂ ಕಾಣ್ಬೇಕು, ಅಲ್ಲಿ ಹಾಕಿದ್ದು ಇಲ್ಲೂ ಕಾಣ್ಬೇಕು, ಬ್ಯಾಕಪ್ಪೂ ಆದಂಗಾಗ್ಬೇಕು, ತಿಂಗ್ಳು ತಿಂಗ್ಳು ದುಡ್ಡು ಕಟ್ಟೋದು ಬೇಡ." ಅದು ಎರಡು ಬೇರೆ ಬೇರೆ ಕೆಲಸ ಅಂತ ನಾನು ಅವತ್ತೇ ಹೇಳ್ಬೇಕಿತ್ತು. ನಾನೇನಂದೆ? "ಆಯ್ತು ಸಾರ್, ಒಂದೇ ಸಾಫ್ಟ್‌ವೇರಲ್ಲಿ ಎರಡೂ ಮಾಡ್ಕೊಡ್ತೀನಿ."

ಹಾಕಿದ್ದು ಸಿಂಕ್‌ಥಿಂಗ್. ಒಳ್ಳೇ ಸಾಫ್ಟ್‌ವೇರು, ಎರಡು ಮಷಿನಲ್ಲಿರೋ ಫೋಲ್ಡರನ್ನ ಒಂದೇ ಥರ ಇಡುತ್ತೆ, ಅದಕ್ಕೇ ಸಿಂಕ್ ಅನ್ನೋದು, ಫ್ರೀ, ಓಪನ್ ಸೋರ್ಸು, 2013ರಿಂದ ಇದೆ, ನಮ್ ಫೈಲು ಬೇರೆಯೋರ ಸರ್ವರಲ್ಲಿ ಹೋಗಿ ಕೂರಲ್ಲ, ಎರಡು ಮಷಿನ್ ಮಧ್ಯೆನೇ ಎನ್‌ಕ್ರಿಪ್ಟ್ ಆಗಿ ಓಡಾಡುತ್ತೆ. ಬ್ರೌಸರಲ್ಲಿ 127.0.0.1:8384 ತೆಗೆದ್ರೆ ಅದರ ಪೇಜು ಬರುತ್ತೆ, ಒಂದರ ಉದ್ದನೇ ಡಿವೈಸ್ ಐಡಿ ತಗೊಂಡು ಇನ್ನೊಂದಕ್ಕೆ ಹಾಕ್ಬೇಕು, ಆ ಕಡೆ ಒಪ್ಕೋಬೇಕು, ಫೋಲ್ಡರ್ ಶೇರ್ ಮಾಡ್ಬೇಕು, ಮುಗೀತು. ಇಪ್ಪತ್ತು ನಿಮಿಷದ ಕೆಲಸ. ಫೋಲ್ಡರ್ ಸೆಟ್ಟಿಂಗಲ್ಲಿ ಫೈಲ್ ವರ್ಷನಿಂಗ್ ಅಂತ ಒಂದು ಟ್ಯಾಬ್ ಇದೆ, ಅಂದ್ರೆ ಬದಲಾದ, ಅಳ್ಸಿದ ಫೈಲಿನ ಹಳೇ ಕಾಪಿ ಇಟ್ಕೊಳ್ಳೋದು, ಅದ್ರಲ್ಲಿ ತಾನಾಗೇ ಇರೋದು "ನೋ ಫೈಲ್ ವರ್ಷನಿಂಗ್". ಅದನ್ನ ನಾನು ನೋಡ್ದೆ, ನೋಡಿಲ್ಲ ಅಂತ ಸುಳ್ಳು ಹೇಳಲ್ಲ, ಆನ್ ಮಾಡಿದ್ರೆ ಡಿಸ್ಕ್ ತುಂಬ್ಕೊಳುತ್ತೆ ಆಮೇಲೆ ನಂಗೇ ಫೋನ್ ಮಾಡ್ತಾರೆ ಅಂತ ಹಂಗೇ ಬಿಟ್ಟು ಸೇವ್ ಕೊಟ್ಟೆ. ಫೋಲ್ಡರ್ ಟೈಪು ಸೆಂಡ್ ಅಂಡ್ ರಿಸೀವ್, ಅಂದ್ರೆ ಯಾವ ಕಡೆ ಏನು ಬದಲಾದ್ರೂ ಇನ್ನೊಂದು ಕಡೆಗೂ ಹೋಗುತ್ತೆ, ಅದೂ ಇದ್ದಂಗೇ ಬಿಟ್ಟೆ. ಎರಡೂ ಕಡೆ ಹಸಿರು ಬಣ್ಣದಲ್ಲಿ "ಅಪ್ ಟು ಡೇಟ್" ಅಂತ ಬಂತು. ಆಫೀಸಲ್ಲಿ ಲೆಕ್ಕ ಬರೆಯೋ ರೈಟ್ರಿಗೆ ತೋರಿಸಿ, ಈ ಹಸಿರು ಇದ್ರೆ ಏನೂ ಯೋಚ್ನೆ ಇಲ್ಲ ಅಂದೆ.

ಐದು ತಿಂಗ್ಳು ಚೆನ್ನಾಗೇ ನಡೀತು. ಜುಲೈಲಿ ಮಳೆ ಹಿಡೀತಲ್ಲ, ತೋಟದಲ್ಲಿ ಮರ ಬಿದ್ದು ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಆ ಟೈಮಲ್ಲಿ ಗೌಡ್ರ ಮಗ ಬೆಂಗಳೂರಿಂದ ಬಂದಿದ್ದ. ಲ್ಯಾಪ್‌ಟಾಪ್ ಸಿ ಡ್ರೈವ್ ಕೆಂಪಾಗಿತ್ತು, ಪಾಪ ಒಳ್ಳೇದು ಮಾಡೋಣ ಅಂತ ನೋಡಿದ್ದಾನೆ, "ಓಲ್ಡ್ ರೆಕಾರ್ಡ್ಸ್" ಅಂತ ಒಂದು ದೊಡ್ಡ ಫೋಲ್ಡರ್, ಹೆಂಗೂ ಟೌನ್ ಆಫೀಸಲ್ಲಿ ಇದರ ಕಾಪಿ ಇದೆಯಲ್ಲ, ಬ್ಯಾಕಪ್ ಮಾಡ್ಸಿದೀನಿ ಅಂತ ಅಪ್ಪ ಬೇರೆ ಹೇಳಿದಾರಲ್ಲ ಅಂತ ಶಿಫ್ಟ್ ಡಿಲೀಟ್ ಹೊಡ್ದಿದ್ದಾನೆ. ಮಳೆ ಫೈಲು ಇದ್ದಿದ್ದು ಅದೇ ಫೋಲ್ಡರಲ್ಲಿ. ಅವನ ಲೆಕ್ಕ ತಪ್ಪು ಅಂತ ಹೇಳಕ್ಕೂ ಆಗಲ್ಲ, ನಿಜವಾದ ಬ್ಯಾಕಪ್ ಇದ್ದಿದ್ರೆ ಅವನು ಮಾಡಿದ್ದು ಸರಿನೇ.

ಎರಡು ದಿನ ಏನೂ ಆಗ್ಲಿಲ್ಲ. ಮೂರನೇ ದಿನ ನೆಟ್ ಬಂತು, ಲ್ಯಾಪ್‌ಟಾಪು ಡೆಸ್ಕ್‌ಟಾಪು ಮಾತಾಡ್ಕೊಂಡ್ವು, ಈ ಕಡೆ ಅಳ್ಸಿದಾರೆ ನೀನೂ ಅಳ್ಸು ಅಂತ ಅದು ಹೇಳ್ತು, ಇದು ಅಳ್ಸ್ತು. ಸಿಂಕಲ್ಲಿ ಅಳ್ಸಿದ್ದು ರೀಸೈಕಲ್ ಬಿನ್‌ಗೂ ಹೋಗಲ್ಲ, ನೇರ ಹೋಗೇ ಬಿಡುತ್ತೆ. ಆ ಎರಡು ದಿನದಲ್ಲಿ ಡೆಸ್ಕ್‌ಟಾಪಲ್ಲಿ ಯಾರಾದ್ರೂ ಮಳೆ ಫೈಲ್ ತೆಗೆದು ಒಂದು ಅಂಕಿ ಬದ್ಲಾಯ್ಸಿ ಸೇವ್ ಮಾಡಿದ್ದಿದ್ರೂ ಅದು ಉಳ್ಕೊತಿತ್ತು, ಒಂದು ಕಡೆ ಅಳ್ಸಿದ್ದು ಇನ್ನೊಂದು ಕಡೆ ತಿದ್ದಿದ್ದು ಅಂದ್ರೆ ತಿದ್ದಿದ್ದರ ಕಾಪಿ ಒಂದು ಉಳಿಯುತ್ತೆ. ಯಾರೂ ಮುಟ್ಟಿರ್ಲಿಲ್ಲ. ಇದೆಲ್ಲ ಆಗಿ ಮುಗಿದ್ಮೇಲೂ ಸ್ಕ್ರೀನ್ ಮೇಲೆ ಅದೇ ಹಸಿರು, ಅಪ್ ಟು ಡೇಟ್. ಅದು ಹೇಳೋದು ಎರಡೂ ಕಡೆ ಒಂದೇ ಥರ ಇದೆ ಅಂತ ಮಾತ್ರ. ಎರಡೂ ಕಡೆ ಏನೂ ಇಲ್ಲ ಅಂದ್ರೂ ಒಂದೇ ಥರನೇ ತಾನೇ.

ರೈಟ್ರು ಮಧ್ಯಾಹ್ನ ಫೋನ್ ಮಾಡಿದ್ರು, "ಅಣ್ಣಾ, ಹಳೇ ಫೋಟೋ ಫೋಲ್ಡರ್ ಕಾಣ್ತಿಲ್ಲ, ಎಲ್ಲಿಗಾದ್ರೂ ಹಾಕಿದ್ರಾ?" ನಂಗೆ ಹೊಟ್ಟೆ ಒಳಗೆ ಏನೋ ಕಿವುಚಿದಂಗಾಯ್ತು. ಏನೂ ಮಾಡ್ಬೇಡಿ, ಹುಡ್ಕಕ್ಕೂ ಹೋಗ್ಬೇಡಿ, ಆಫ್ ಮಾಡಿ ಅಂದೆ. ಡಿಲೀಟ್ ಆದ ಫೈಲು ಡಿಸ್ಕಲ್ಲಿ ತಕ್ಷಣ ಅಳಿಯಲ್ಲ, ಆ ಜಾಗ ಖಾಲಿ ಅಂತ ಬೋರ್ಡ್ ಬೀಳುತ್ತೆ ಅಷ್ಟೇ, ಅದರ ಮೇಲೆ ಬೇರೆ ಏನಾದ್ರೂ ಬರೀದೇ ಇರೋವರೆಗೂ ಎತ್ತಬಹುದು. ಆದ್ರೆ ವಿಂಡೋಸ್ ಸುಮ್ನೆ ಆನ್ ಆಗಿದ್ರೂ ಏನಾದ್ರೂ ಬರೀತಾನೇ ಇರುತ್ತೆ. ಆಮೇಲೆ ಎಸ್‌ಎಸ್‌ಡಿ ಆದ್ರೆ ಕಥೆನೇ ಬೇರೆ, ಟ್ರಿಮ್ ಅಂತ ಒಂದಿದೆ, ಅಳ್ಸಿದ ಜಾಗ ಇನ್ನು ಬೇಡ ಅಂತ ವಿಂಡೋಸೇ ಡಿಸ್ಕ್‌ಗೆ ಹೇಳ್ಬಿಡುತ್ತೆ, ಆಮೇಲೆ ಎತ್ತೋದು ಬಹಳ ಕಷ್ಟ. ಲ್ಯಾಪ್‌ಟಾಪಲ್ಲಿ ಎಸ್‌ಎಸ್‌ಡಿ, ಅಲ್ಲಿ ಏನೂ ಸಿಗ್ಲಿಲ್ಲ. ನಾನು ಮೂರು ವರ್ಷ ಬೈತಿದ್ದ ಆ ಆಮೆ ಹಾರ್ಡ್ ಡಿಸ್ಕೇ ಕಾಪಾಡ್ತು.

ಡಿಸ್ಕ್ ಬಿಚ್ಚಿ ಅಂಗಡಿಗೆ ತಂದು, ಲಿನಕ್ಸ್ ಪೆನ್‌ಡ್ರೈವಲ್ಲಿ ಬೂಟ್ ಮಾಡಿ, ಮೊದ್ಲು ಇಡೀ ಡಿಸ್ಕನ್ನ ಇನ್ನೊಂದಕ್ಕೆ ಇಮೇಜ್, ಅಂದ್ರೆ ಇದ್ದಂಗೇ ನಕಲು, ತಗೊಂಡೆ. ಹುಡುಕಾಟ ಎಲ್ಲ ಆ ಇಮೇಜ್ ಮೇಲೆ, ಅಸಲಿ ಡಿಸ್ಕ್ ಮುಟ್ಲಿಲ್ಲ. ಅಳ್ಸಿದ ಫೈಲ್ ಹುಡ್ಕೋ ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಓಡಿಸ್ದೆ, ರಾತ್ರಿ ಎಲ್ಲ ಓಡ್ತು. ಅದು ಫೈಲ್ ಎತ್ತುತ್ತೆ ಆದ್ರೆ ಹೆಸ್ರು ಎತ್ತಲ್ಲ, ಎಲ್ಲಾದಕ್ಕೂ ಎಫ್ ಅಂತ ಹಾಕಿ ಮುಂದೆ ನಂಬರ್ ಕೊಟ್ಟು ಸುರೀತು. ಫೋಟೋಗಳಲ್ಲಿ ಕ್ಯಾಮೆರಾ ಬರೆದ ತಾರೀಖು ಫೈಲ್ ಒಳಗೇ ಇರುತ್ತೆ ನೋಡಿ, ಅದನ್ನಿಟ್ಕೊಂಡು ವರ್ಷದ ಪ್ರಕಾರ ಜೋಡಿಸ್ದೆ. ವಿಡಿಯೋ ಸುಮಾರು ಹೋಯ್ತು, ದೊಡ್ಡ ಫೈಲು ಡಿಸ್ಕಲ್ಲಿ ತುಂಡು ತುಂಡಾಗಿ ಬಿದ್ದಿರುತ್ತೆ, ತಲೆ ಸಿಕ್ರೆ ಬಾಲ ಇಲ್ಲ. ಎಕ್ಸೆಲ್ ಫೈಲು ಒಂದು ಗುಡ್ಡೆ ಬಂದ್ವು, ಒಂದೊಂದಾಗಿ ತೆಗೆದು ನೋಡ್ತಾ ಕೂತೆ, ಚೆಕ್‌ರೋಲು, ಗೊಬ್ಬರದ ಲೆಕ್ಕ, ಯಾರ್ದೋ ಮದುವೆ ಊಟದ ಲಿಸ್ಟು. ಮಳೆ ಫೈಲಿನ ಮೂರು ಕಾಪಿ ಸಿಕ್ತು, ಎರಡು ತೆಗೀಲೇ ಇಲ್ಲ, ಮೂರನೇದು ಓಪನ್ ಆಯ್ತು, ಮಾರ್ಚ್‌ವರೆಗಿಂದು. ಏಪ್ರಿಲ್, ಮೇ, ಜೂನ್ ತೋಟದ ಈ ವರ್ಷದ ಬುಕ್ಕಲ್ಲೇ ಇತ್ತು. ಅಮ್ಮಾವ್ರಿಗೆ ಫೋನ್ ಮಾಡಿ ಸಿಕ್ತು ಅಂದೆ, ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಊಟ ಆಯ್ತೇನಪ್ಪ?" ಅಂದ್ರು.

ಅಷ್ಟಕ್ಕೇ ಮುಗೀಲಿಲ್ಲ, ಟ್ಯಾಲಿ ಬೇರೆ ಇತ್ತಲ್ಲ. ಟ್ಯಾಲಿ ಡೇಟಾ ಫೋಲ್ಡರನ್ನೂ ನಾನು ಸಿಂಕ್ ಒಳಗೇ ಇಟ್ಟಿದ್ದೆ. ಒಳಗೆ ಹೋಗಿ ನೋಡಿದ್ರೆ ಹೆಸರಲ್ಲಿ "ಸಿಂಕ್ ಕಾನ್‌ಫ್ಲಿಕ್ಟ್" ಅಂತ ಸೇರ್ಕೊಂಡಿರೋ ಫೈಲುಗಳು. ಆಫೀಸಲ್ಲೂ ತೋಟದಲ್ಲೂ ಒಂದೇ ಟೈಮಲ್ಲಿ ಟ್ಯಾಲಿ ತೆಗೆದಿದ್ದಾರೆ, ಎರಡೂ ಕಡೆ ಬದಲಾದ ಫೈಲಲ್ಲಿ ಟೈಮ್ ಹಿಂದಿರೋದನ್ನ ಸಿಂಕ್‌ಥಿಂಗ್ ಹೆಸ್ರು ಬದ್ಲಾಯ್ಸಿ ಪಕ್ಕಕ್ಕಿಡುತ್ತೆ. ವರ್ಡ್ ಫೈಲ್ ಆದ್ರೆ ಎರಡೂ ತೆಗೆದು ನೋಡಿ ಸರಿ ಮಾಡ್ಕೋಬಹುದು. ಟ್ಯಾಲಿಲಿ ಒಂದು ಕಂಪನಿ ಅಂದ್ರೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರೋ ಎಷ್ಟೋ ಫೈಲು, ಒಂದು ಸೋಮವಾರದ್ದು ಇನ್ನೊಂದು ಬುಧವಾರದ್ದು ಸೇರಿದ್ರೆ ಲೆಕ್ಕ ಹಾಳು. ಮೇಲಾಗಿ ಟ್ಯಾಲಿ ತೆಗೆದಿರೋವಾಗ್ಲೇ ಸಿಂಕ್ ಬಂದು ಅರ್ಧ ಬರೆದ ಫೈಲನ್ನ ಎತ್ಕೊಂಡು ಹೋಗೋ ಅಪಾಯ ಬೇರೆ. ರೈಟ್ರು ಹಳೇ ಅಭ್ಯಾಸದಲ್ಲಿ ತಿಂಗ್ಳಿಗೊಂದ್ಸಲ ಟ್ಯಾಲಿದೇ ಬ್ಯಾಕಪ್ ತಗೊಂಡು ಪೆನ್‌ಡ್ರೈವಿಗೆ ಹಾಕ್ತಿದ್ರು. ಈಗ ಸಿಂಕ್ ಇದೆ ಅದೆಲ್ಲ ಬೇಡ ಬಿಡಿ ಅಂತ ನಾನೇ ಹೇಳಿದ್ದೆ, ಪುಣ್ಯಕ್ಕೆ ಅವ್ರು ನನ್ ಮಾತು ಕೇಳಿರ್ಲಿಲ್ಲ. ಅದ್ರಿಂದ ಎತ್ತಿ ಮೂರು ವಾರದ ಎಂಟ್ರಿ ಮತ್ತೆ ಹಾಕಿದ್ವಿ, ನಾನೂ ಎರಡು ಸಂಜೆ ಕೂತು ಬಿಲ್ ಓದಿ ಹೇಳ್ದೆ.

ಆಮೇಲೆ ಮೊದ್ಲಿಂದ ಹಾಕಿದ್ದು ಹೀಗೆ. ಸಿಂಕಲ್ಲಿ ಎರಡೂ ಕಡೆ ನಿಜವಾಗ್ಲೂ ಬೇಕಾಗೋದು ಮಾತ್ರ, ಅಂದ್ರೆ ಮಳೆ ಫೈಲು, ಚೆಕ್‌ರೋಲು, ಒಂದಷ್ಟು ಪತ್ರ. ಟ್ಯಾಲಿ ಆಚೆ. ವರ್ಷನಿಂಗ್ ಸ್ಟ್ಯಾಗರ್ಡ್, 365 ದಿನಕ್ಕೆ, ಹಳೇ ಕಾಪಿಗಳು ಒಳಗೊಂದು ಹಿಡನ್ ಫೋಲ್ಡರಲ್ಲಿ ಇರುತ್ತೆ, ಮೊದಲ ತಿಂಗ್ಳು ದಿನಕ್ಕೊಂದು ಕಾಪಿ ಆದ್ರೂ ಉಳಿಯುತ್ತೆ, ಆಮೇಲೆ ವಾರಕ್ಕೊಂದು. ಇದ್ರಲ್ಲಿ ನಂಗೆ ಗೊತ್ತಿಲ್ದೇ ಇದ್ದ ಒಂದು ವಿಷ್ಯ ಇದೆ, ಬೇರೆ ಮಷಿನಿಂದ ಬಂದ ಬದಲಾವಣೆಗೆ ಮಾತ್ರ ಅದು ಹಳೇ ಕಾಪಿ ಇಟ್ಕೊಳ್ಳೋದು. ಡೆಸ್ಕ್‌ಟಾಪಲ್ಲಿ ಕೂತು ನಾನೇ ಅಳ್ಸಿದ್ರೆ ಡೆಸ್ಕ್‌ಟಾಪಲ್ಲಿ ಕಾಪಿ ಇರಲ್ಲ, ಲ್ಯಾಪ್‌ಟಾಪಲ್ಲಿ ಇರುತ್ತೆ, ಅಲ್ಲಿ ವರ್ಷನಿಂಗ್ ಆನ್ ಆಗಿದ್ರೆ. ಹಂಗಾಗಿ ಎರಡೂ ಕಡೆ ಹಾಕ್ಬೇಕು. ಇದನ್ನ ಓದಿ ತಿಳ್ಕೊಳಕ್ಕೆ ಹತ್ತು ನಿಮಿಷ ಸಾಕಿತ್ತು, ಫೆಬ್ರವರಿಲೇ.

ಬ್ಯಾಕಪ್‌ಗೆ ಬೇರೆ ಸಾಫ್ಟ್‌ವೇರು, ಡುಪ್ಲಿಕಾಟಿ, ಅದೂ ಫ್ರೀನೇ. ಎರಡು ಯುಎಸ್‌ಬಿ ಹಾರ್ಡ್ ಡಿಸ್ಕು ತಂದು ಒಂದಕ್ಕೆ ಕೆಂಪು ಟೇಪು ಇನ್ನೊಂದಕ್ಕೆ ಹಸಿರು ಟೇಪು ಸುತ್ತಿದೆ. ವಾರ ಬಿಟ್ಟು ವಾರ ಬದ್ಲಾಯ್ಸೋದು, ಆಫೀಸಲ್ಲಿ ಇಲ್ದೇ ಇರೋದು ಗೌಡ್ರ ಮನೆ ಬೀರುಲಿ. ಯುಎಸ್‌ಬಿ ಡಿಸ್ಕು ಚುಚ್ಚಿದಾಗ ಒಂದ್ಸಲ ಇ ಡ್ರೈವ್ ಅನ್ನುತ್ತೆ ಇನ್ನೊಂದ್ಸಲ ಎಫ್ ಅನ್ನುತ್ತೆ, ಬ್ಯಾಕಪ್ ಜಾಗ ಹುಡುಕಿ ಸಿಗ್ದೇ ಎರರ್ ಕೊಡುತ್ತೆ, ಅದಕ್ಕೆ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಒಂದಕ್ಕೆ ಎಕ್ಸ್ ಇನ್ನೊಂದಕ್ಕೆ ವೈ ಅಂತ ಖಾಯಂ ಅಕ್ಷರ ಕೊಟ್ಟು, ಒಂದೊಂದಕ್ಕೆ ಒಂದೊಂದು ಬೇರೆ ಜಾಬ್ ಮಾಡ್ದೆ. ಟೈಮು ಮಧ್ಯಾಹ್ನ ಒಂದೂವರೆ, ರೈಟ್ರು ಊಟಕ್ಕೆ ಹೋಗೋ ಹೊತ್ತು. ಹೋಗೋ ಮುಂಚೆ ಟ್ಯಾಲಿಲಿ ಆಲ್ಟ್ ವೈ ಒತ್ತಿ ಅದರದ್ದೇ ಬ್ಯಾಕಪ್ ತಗೊಂಡು ಕ್ಲೋಸ್ ಮಾಡ್ತಾರೆ, ಡುಪ್ಲಿಕಾಟಿ ಆ ಬ್ಯಾಕಪ್ ಫೈಲನ್ನ ಎತ್ತುತ್ತೆ. ರಾತ್ರಿ ಎರಡು ಗಂಟೆಗೆ ಇಡ್ತಾರೆ ಸುಮಾರು ಜನ, ನಮ್ಮೂರಲ್ಲಿ ಆರೂವರೆಗೆ ಮೇನ್ ಸ್ವಿಚ್ಚೇ ಆಫ್ ಮಾಡ್ಕೊಂಡು ಹೋಗ್ತಾರೆ, ರಾತ್ರಿ ಎರಡಕ್ಕೆ ಯಾವ ಮಷಿನ್ ಎದ್ದಿರುತ್ತೆ. ಬ್ಯಾಕಪ್‌ನ ಪಾಸ್‌ಫ್ರೇಸು ಮರೆತ್ರೆ ಯಾರಿಂದ್ಲೂ ತೆಗೆಯಕ್ಕಾಗಲ್ಲ ಅಂದಿದ್ದಕ್ಕೆ ಗೌಡ್ರು ಅದನ್ನ ಚೀಟಿಲಿ ಬರೆಸ್ಕೊಂಡು ಕೋವಿ ಲೈಸೆನ್ಸ್ ಜೊತೆ ಇಟ್ಟಿದ್ದಾರೆ, ಅದಕ್ಕಿಂತ ಭದ್ರ ಜಾಗ ಆ ಮನೇಲಿ ಇಲ್ಲ.

ತಿಂಗಳ ಮೊದಲ ಶನಿವಾರ ನಾನು ಹೋಗ್ತೀನಿ. ರೈಟ್ರು ಬಾಯಿಗೆ ಬಂದ ಒಂದು ಫೈಲ್ ಹೆಸ್ರು, ಒಂದು ತಾರೀಖು ಹೇಳ್ತಾರೆ, ಅದನ್ನ ಡಿಸ್ಕಿಂದ ಬೇರೆ ಫೋಲ್ಡರ್‌ಗೆ ರಿಸ್ಟೋರ್ ಮಾಡಿ ಅವ್ರ ಕಣ್ಮುಂದೆ ಓಪನ್ ಮಾಡಿ ತೋರಿಸ್ಬೇಕು. ಹೋದ ತಿಂಗ್ಳು ಹಸಿರು ಟೇಪಿನ ಡಿಸ್ಕಲ್ಲಿ ಆ ತಾರೀಖೇ ಇರ್ಲಿಲ್ಲ, ನೋಡಿದ್ರೆ ರೈಟ್ರ ಮಗಳ ಮದುವೆ ಓಡಾಟದಲ್ಲಿ ಮೂರು ವಾರ ಅದನ್ನ ಚುಚ್ಚೇ ಇಲ್ಲ. ಕೆಂಪು ಡಿಸ್ಕು ಗೌಡ್ರ ಮನೇಲಿ ಅಂತ ಸ್ಕೂಟರ್ ಹತ್ತಿ ಹೋದೆ, ಅಮ್ಮಾವ್ರು ಬೀರು ಬೀಗ ತೆಗೆದು ಡಿಸ್ಕ್ ಕೈಗೆ ಕೊಡ್ತಾ, "ಇನ್ನೊಂದ್ಸಲ ಕಳ್ದ್ರೆ ನೀನೇ ಟೈಪ್ ಮಾಡ್ಬೇಕು ನೋಡು" ಅಂದ್ರು.